ತೂಕ ನಿಂತ ಮೇಲೆ

ಮೊದಲು ಕಂಡದ್ದು ಕೊರಳ ಹಿಂದಿನ ಕಪ್ಪು.

ಅಂದು ರವಿವಾರ. ಮಗಳು ಕಸ್ತೂರಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ಅವಳಿಗೆ ಹದಿಮೂರು ತುಂಬಿತ್ತು. ಜಡೆ ಎತ್ತಿ ನೋಡಿದರೆ ಕುತ್ತಿಗೆಯ ಮಡಿಕೆಗಳಲ್ಲಿ ಮಸಿ ಬಳಿದ ಹಾಗೆ ಕಪ್ಪು. ಕೊಳೆ ಎಂದುಕೊಂಡೆ. ಸೀಗೆಪುಡಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ತೆಂಗಿನ ನಾರು ತೆಗೆದುಕೊಂಡೆ.

"ಅವ್ವಾ, ಉರೀತೈತಿ," ಅಂದಳು.

"ಮೈ ತಿಕ್ಕೊಳ್ಳದಿದ್ದರ ಉರೀದ ಏನಾಗತೈತಿ?" ಎಂದು ಬೈದು ಇನ್ನಷ್ಟು ತಿಕ್ಕಿದೆ. ನಾರಿಗೆ ರಕ್ತ ಹತ್ತಿತು. ಕಪ್ಪು ಹಾಗೆಯೇ ಇತ್ತು.

ಅದು ಕೊಳೆಯಲ್ಲ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ನಾನು ಬೈಲಹೊಂಗಲದಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ನವಿಲುತೀರ್ಥದಲ್ಲಿ ಅಣೆಕಟ್ಟಿನ ಆಫೀಸಿನ ಗುಮಾಸ್ತರು. ಅಲ್ಲಿಯೇ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಸವದತ್ತಿಯ ಮೇಲೆ ಹಾಯ್ದು ಬರುವ ಬಸ್ಸಿಗೆ ಮನೆಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಮನೆಯಲ್ಲಿ ನಾವು ಮೂರು ಹೆಣ್ಣುಜೀವಗಳು: ನಾನು, ನನ್ನ ಅತ್ತೆ, ಕಸ್ತೂರಿ. ಇವಳಿಗಿಂತ ಮೊದಲಿನ ಕೂಸು ಎಂಟು ತಿಂಗಳಿಗೇ ಹೋಗಿತ್ತು. ಹಾಲು ಕುಡಿಯದೆ, ಒಣಗಿ ಒಣಗಿ ಹೋಯಿತು. ಹೀಗಾಗಿ ಕಸ್ತೂರಿ ಗಂಗಾಳದ ಮುಂದೆ ಕೂತು ಎರಡನೆಯ ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರೆ ಅತ್ತೆಗೂ ನನಗೂ ಒಳಗೊಳಗೇ ಹಿಗ್ಗು. ತಿನ್ನುವ ಮಗು ಬದುಕುತ್ತದೆ ಎಂಬುದಷ್ಟೇ ನಾವಿಬ್ಬರೂ ಕಲಿತಿದ್ದ ಪಾಠ.

ಬರ ಬಿದ್ದ ವರ್ಷ ಅದಕ್ಕೆ ಇನ್ನೊಂದು ಅರ್ಥ ಬಂತು. ರೇಷನ್ ಅಂಗಡಿಯ ಮುಂದೆ ಪರದೇಶದ ಕೆಂಪು ಜೋಳಕ್ಕೆ ಸಾಲು ನಿಂತಿದ್ದೆವು. ಎಲ್ಲರ ಗಲ್ಲದ ಎಲುಬು ಎದ್ದಿದ್ದವು. ನನ್ನ ಪಕ್ಕದಲ್ಲಿ ಕಸ್ತೂರಿ, ಚೀಲ ಹಿಡಿದು. ಹಿಂದಿನಿಂದ ಯಾರೋ, "ಅಕ್ಕೋರ ಮನ್ಯಾಗ ಬರ ಬಂದೇ ಇಲ್ಲ ಬಿಡ್ರಿ," ಅಂದರು. ಸಾಲೆಲ್ಲ ನಕ್ಕಿತು. ಕಸ್ತೂರಿಯೂ ನಕ್ಕಳು. ಮುಂದಿನ ಸಲ ಚೀಲ ಕೊಟ್ಟರೆ, ಹೊಟ್ಟೆ ನೋಯುತ್ತದೆ ಎಂದು ಮಲಗಿದಳು.

ನಾವೂ ಆಗ ಎಲ್ಲರಂತೆ ಕಡಿಮೆಯೇ ಉಂಡೆವು. ಅವಳು ಮಾತ್ರ ದಪ್ಪಗಾಗುತ್ತಲೇ ಹೋದಳು. ಅತ್ತೆ ತಮ್ಮ ಪಾಲಿನ ರೊಟ್ಟಿಯನ್ನು ಅವಳಿಗೆ ಜಾರಿಸುತ್ತಿದ್ದರು ಎಂಬುದು ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದೆ.

ಮಳೆ ಬಂದ ಮೇಲಿನ ಮಾತು. ಹೈಸ್ಕೂಲಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ಕುಸಿದು ಕೂತಳೆಂದು ಗೆಳತಿಯರು ಮನೆಗೆ ಕರೆತಂದರು. ಊರಿನ ಡಾಕ್ಟರ ಹತ್ತಿರ ಹೋದೆವು. ಅವರು ಎದೆ ನೋಡಿದರು, ಬಿಪಿ ನೋಡಿದರು. ಕೊರಳ ಹಿಂದೆ ಬೆರಳು ಆಡಿಸಿ, "ಇದು ಹೊಲಸ ಅಲ್ಲರೀ. ಬೊಜ್ಜಿನಿಂದ ಬಂದದ್ದು. ಯೂರಿನ್ ಟೆಸ್ಟ್ ಮಾಡಸ್ರಿ," ಅಂದರು. ನಾನು ಅಂದು ನಾರು ಹಿಡಿದಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಅವರ ತೂಕದ ಯಂತ್ರ ಕೆಟ್ಟಿತ್ತು. ಎದುರಿನ ಅರಳೆ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆಸಿಕೊಂಡು ಬರಲು ಹೇಳಿದರು. ಹಮಾಲರು ಚೀಲ ಇಳಿಸಿ ಜಾಗ ಮಾಡಿಕೊಟ್ಟರು. ಕಸ್ತೂರಿ ಚಪ್ಪಲಿ ಬಿಟ್ಟು ಹತ್ತಿ, ಕಣ್ಣು ಮುಚ್ಚಿ ನಿಂತಳು. ತೂಕ ಮಾಡುವವನು ಒಳ್ಳೆಯವನೇ. ಆದರೆ ದಿನವಿಡೀ ಚೀಲಗಳ ತೂಕ ಕೂಗಿ ಕೂಗಿ ರೂಢಿಯಾಗಿತ್ತು.

"ಎಂಬತ್ತೊಂದೂವರಿ!"

ಓಣಿಗೆಲ್ಲ ಕೇಳಿಸಿತು.

ಯೂರಿನ್‌ನಲ್ಲಿ ಸಕ್ಕರೆ ಸ್ವಲ್ಪ ಕಾಣಿಸಿತ್ತು. "ಈಗ ಸ್ವಲ್ಪ. ತೂಕ ಇಳಿಸದಿದ್ರ ನಾಳೆ ಸ್ವಲ್ಪ ಇರೂದಿಲ್ಲ," ಎಂದು ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಮುಂಜಾನೆ ಸಕ್ಕರೆಯಿಲ್ಲದ ಚಹಾ, ಅರ್ಧ ರೊಟ್ಟಿ. ಮಧ್ಯಾಹ್ನ ಒಂದು ರೊಟ್ಟಿ, ಸೊಪ್ಪಿನ ಪಲ್ಯ, ನೀರು ಮಜ್ಜಿಗೆ. ರಾತ್ರಿ ಅರ್ಧ ರೊಟ್ಟಿ, ಸವತೆಕಾಯಿ. ಶೇಂಗಾ, ಬೆಲ್ಲ, ಎಣ್ಣೆ, ಅನ್ನ ಬಂದ್. ದಿನಾ ಎರಡು ಮೈಲು ನಡಿಗೆ.

ನಾನು ಶಿಕ್ಷಕಿ. ಚೀಟಿಯನ್ನು ವೇಳಾಪತ್ರಿಕೆಯಂತೆ ಗೋಡೆಗೆ ಹಚ್ಚಿದೆ.

ಮೊದಲ ಆರು ತಿಂಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ, ಆದರೆ ಆಗ ಹುರುಪಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರೂ ಸಂಪಗಾವಿ ರಸ್ತೆಯಲ್ಲಿ ನಡೆಯುತ್ತಿದ್ದೆವು. ಅವಳಿಗೆ ಬೇರೆ ಅಡುಗೆ, ನಮಗೆ ಬೇರೆ. ಕೊನೆಗೆ ಬೇಸತ್ತು ನಾನೂ ಅವಳ ಅಡುಗೆಯನ್ನೇ ಉಂಡೆ. ತಿಂಗಳಿಗೆ ಎರಡೂವರೆ ಕಿಲೋ, ಒಮ್ಮೊಮ್ಮೆ ಮೂರು. ಲಂಗ ಸಡಿಲಾದವು. ದುರಸ್ತಿಯಾದ ತಮ್ಮ ಯಂತ್ರದ ಮೇಲೆ ನಿಲ್ಲಿಸಿ ಡಾಕ್ಟರು ಅರವತ್ತಾರು ಎಂದ ದಿನ ಕಸ್ತೂರಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದು ನಡೆದಳು. ಯೂರಿನ್‌ನಲ್ಲಿ ಸಕ್ಕರೆ ಇರಲಿಲ್ಲ. ಓಣಿಯ ಹೆಂಗಸರು ಕರೆದು ಮಾತಾಡಿಸಿದರು. ಅವಳ ಅಪ್ಪ ಸವದತ್ತಿಯಲ್ಲಿ ಇಳಿದು ಹೊಸ ದಾವಣಿ ತಂದರು.

ಆಮೇಲೆ ತೂಕ ನಿಂತಿತು.

ಹದಿನೈದು ದಿನ ಬಿಟ್ಟು ಹೋದರೆ ಅರವತ್ತಾರು. ತಿಂಗಳು ಬಿಟ್ಟು ಹೋದರೆ ಅರವತ್ತಾರೂವರೆ. ಅದೇ ಅರ್ಧ ರೊಟ್ಟಿ, ಅದೇ ಎರಡು ಮೈಲು. ಡಾಕ್ಟರು ಕನ್ನಡಕ ತೆಗೆದು ಕಸ್ತೂರಿಯನ್ನಲ್ಲ, ನನ್ನನ್ನು ನೋಡಿದರು. "ಅಕ್ಕೋರ, ಗಾಳಿ ತಿಂದು ಯಾರ ತೂಕಾನೂ ನಿಲ್ಲೂದಿಲ್ಲ. ಎಲ್ಲೋ ತಿನ್ನಾಕ ಹತ್ತ್ಯಾಳ. ತಾಯಿಗೋಳಿಗೆ ಗೊತ್ತಾಗೂದಿಲ್ಲ, ಮಕ್ಕಳು ಭಾಳ ಶ್ಯಾಣ್ಯಾ ಇರತಾವ."

ಕಸ್ತೂರಿ, "ಇಲ್ಲರೀ, ನಾ ಏನೂ ತಿಂದಿಲ್ಲ," ಅಂದಳು. ಇಬ್ಬರಲ್ಲಿ ಯಾರನ್ನು ನಂಬುವುದು? ಒಬ್ಬರು ಓದಿದವರು. ಇನ್ನೊಬ್ಬಳು ಹದಿನಾಲ್ಕರ ಹುಡುಗಿ. ನಾನು ಓದಿದವರನ್ನು ನಂಬಿದೆ.

ದಿನದ ಎರಡು ರೊಟ್ಟಿಯನ್ನು ಒಂದೂವರೆಗೆ ಇಳಿಸಿದೆವು. ನಡಿಗೆಯನ್ನು ನಾಲ್ಕು ಮೈಲಿಗೆ ಏರಿಸಿದೆವು. ಅಡುಗೆಮನೆಯ ಕಪಾಟಿಗೆ ಕೀಲಿ ಹಾಕಿದೆ. ಅವಳ ಪುಸ್ತಕದ ಚೀಲ ತಡಕಿದೆ. ಹೈಸ್ಕೂಲಿನ ಹೊರಗೆ ಚುರುಮುರಿ ಮಾರುವ ಮುದುಕಿಯ ಬಳಿ ಹೋಗಿ, ನನ್ನ ಮಗಳು ಬರುತ್ತಾಳೇನು ಎಂದು ಕೇಳಿದೆ. ಮುದುಕಿ, "ಯಾರ, ಆ ಗುಂಡ ಹುಡುಗೀನ? ದೂರ ನಿಂತ ನೋಡತಾಳ್ರೀ ಯವ್ವಾ. ತಗೊಳ್ಳೂದಿಲ್ಲ," ಅಂದಳು. ಅದನ್ನೂ ನಾನು ನಂಬಲಿಲ್ಲ. ಗಿರಾಕಿಯನ್ನು ಬಿಟ್ಟುಕೊಡುತ್ತಾಳೆಯೇ ಎಂದುಕೊಂಡೆ.

ಅತ್ತೆಯ ಮೇಲೂ ಸಂಶಯ ಬಂತು. "ನೀವ ಏನರ ಕೊಡಾಕ ಹತ್ತೀರೇನು?" ಎಂದು ನೇರವಾಗಿ ಕೇಳಿಬಿಟ್ಟೆ. ಅತ್ತೆ, "ಮೊದಲ ಕೊಟ್ಟೇನಿ, ಖರೇ. ಈಗ ಆ ಕೂಸು ಕೊಟ್ಟರೂ ಒಲ್ಲೆ ಅಂತೈತಿ. ನಿನ್ನ ಅಂಜಿಕಿ ಅದಕ್ಕ," ಅಂದರು. ಆ ದಿನದಿಂದ ಅವರು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು.

ಮಗಳು ಬದಲಾಗುತ್ತಿದ್ದಳು. ಬಿಸಿಲು ಏರುವ ದಿನಗಳಲ್ಲಿ ಶಾಲು ಹೊದ್ದು ಓದುತ್ತಿದ್ದಳು. ಬಾಚಣಿಕೆಯ ತುಂಬ ಕೂದಲು. ಓದುತ್ತ ಓದುತ್ತ ನಿದ್ದೆ ಹೋಗುತ್ತಿದ್ದಳು. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ಗಣಿತದಲ್ಲಿ ಮೊದಲ ಬಾರಿ ನಪಾಸು. ಇವೆಲ್ಲ ನನ್ನ ಕಣ್ಣಿಗೆ ಬಿದ್ದವು. ಆದರೆ ನನಗೆ ಬೇಕಾಗಿದ್ದದ್ದು ಒಂದೇ ಉತ್ತರವಾದ್ದರಿಂದ, ಇವೆಲ್ಲವೂ ಸೋಮಾರಿತನ, ಹಟ, ಮುಚ್ಚುಮರೆ ಎಂದೇ ಕಂಡವು.

ಒಂದು ಸಂಜೆ ಮತ್ತೆ ಕೇಳಿದೆ. ಡಾಕ್ಟರಲ್ಲಿ ಅರವತ್ತೇಳು ಆಗಿ ಬಂದ ಸಂಜೆ.

"ಖರೇ ಹೇಳ. ಎಲ್ಲಿ ತಿಂತಿ?"

"ಇಲ್ಲಬೇ ಅವ್ವಾ."

"ಮತ್ತ ಹೆಂಗ ಏರಿತು? ಯಂತ್ರ ಸುಳ್ಳ ಹೇಳತೈತೇನು?"

ನಾನು ಮತ್ತೆ ಕೇಳಿದೆ. ಮತ್ತೆ ಕೇಳಿದೆ. ತರಗತಿಯಲ್ಲಿ ಕದ್ದ ಪೆನ್ಸಿಲ್ ಬಗ್ಗೆ ಕೇಳುವ ಧ್ವನಿಯಲ್ಲೇ. ಕೊನೆಗೆ ಅವಳು ಗೋಡೆ ನೋಡುತ್ತ ಅಂದಳು:

"ಹೂಂ. ತಿಂದೇನಿ. ಗೆಳತ್ಯಾರ ಮನ್ಯಾಗ."

ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಮಾಧಾನ. ಕಡೆಗೂ ಲೆಕ್ಕ ಕೂಡಿತು ಎಂಬ ಸಮಾಧಾನ. ಅವಳ ತಲೆ ಸವರಿ, "ಇಷ್ಟ ಹೇಳಾಕ ಇಷ್ಟ ದಿನಾ ಬೇಕಿತ್ತೇನು?" ಅಂದೆ. ಈಗ ಆ ಸವರಿದ ಕೈಯನ್ನು ನೆನೆದರೆ ನಾರು ಹಿಡಿದ ಕೈಗಿಂತ ಅದೇ ಹೆಚ್ಚು ನಾಚಿಕೆ ತರುತ್ತದೆ.

ಬೇಸಿಗೆ ರಜೆಗೆ ಕಟಕೋಳದ ನನ್ನ ತವರಿಗೆ ಹೋದೆವು. ತಮ್ಮನ ಮಗನ ಕೂದಲು ತೆಗೆಸುವ ಜವಳ ಇತ್ತು. ಮನೆ ತುಂಬ ಮಂದಿ, ಹೋಳಿಗೆಯ ವಾಸನೆ. ಕಸ್ತೂರಿ ಒಳಗಿನ ಕೋಣೆಯಲ್ಲಿ ಕೌದಿ ಹೊದ್ದು ಮಲಗಿದ್ದಳು. ರಾಮದುರ್ಗದ ಕಡೆಯ ಆ ಬಿಸಿಲಿನಲ್ಲಿ ಕೌದಿ! ತಮ್ಮನ ಹೆಂಡತಿ ಗೌರವ್ವ ನೀರು ಕೊಡಲು ಹೋದವಳು ಓಡಿ ಬಂದಳು.

"ಯಕ್ಕಾ, ಹುಡುಗಿ ಕೈ ಮುಟ್ಟಿ ನೋಡ್ರಿ. ಹೊಸಾ ಗಡಗ್ಯಾನ ನೀರಿನಂಗ ಥಣ್ಣಗದಾವ."

ನಾನು ಎಬ್ಬಿಸಿದೆ. ಕಸ್ತೂರಿ ಎದ್ದು ನಿಂತಳು, ನನ್ನ ಮುಖ ನೋಡಿದಳು, ಹೊಸ್ತಿಲಿಗೆ ಅಡ್ಡಲಾಗಿ ಬಿದ್ದುಬಿಟ್ಟಳು.

ರಾಮದುರ್ಗದ ದವಾಖಾನೆಯಲ್ಲಿ ಗ್ಲುಕೋಸ್ ಏರಿಸಿದರು. ನಾಡಿ ನಿಮಿಷಕ್ಕೆ ಐವತ್ತು. ಅಲ್ಲಿಯ ಡಾಕ್ಟರು ಇದು ಥೈರಾಯ್ಡ್ ಇರಬಹುದು, ಬೆಳಗಾವಿಗೆ ಒಯ್ಯಿರಿ ಎಂದು ಚೀಟಿ ಬರೆದರು. ನವಿಲುತೀರ್ಥದಿಂದ ಬಂದ ಗಂಡ ಬಸ್ಸಿನುದ್ದಕ್ಕೂ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಮ್ಮೆ ಮಾತ್ರ ಅಂದರು: "ಮನ್ಯಾಗರ ಸಾಲಿ ನಡಸೂದು ಬಿಡಬೇಕಿತ್ತು ನೀ."

ನಾನು ಅವಳ ತಣ್ಣಗಿನ ಕಾಲುಗಳಿಗೆ ಶಾಲು ಸುತ್ತಿದೆ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಅಲ್ಲಿಯ ಡಾಕ್ಟರಬಾಯಿ ಐವತ್ತರ ಹತ್ತಿರದವರು, ಬಿಳಿ ಸೀರೆ, ಮೆಲ್ಲಗಿನ ಮಾತು. ನನ್ನ ಕಥೆಯನ್ನೆಲ್ಲ ಕೇಳಿ, "ಮೊದಲ ವಾರ ಮನ್ಯಾಗ ತಿಂದಷ್ಟಽ ಇಲ್ಲೂ ಕೊಡೂಣು. ಒಂದ ತುತ್ತ ಹೆಚ್ಚಿಲ್ಲ, ಕಡಿಮಿಲ್ಲ. ನಾವ ನೋಡತೇವಿ," ಅಂದರು. ಊಟವನ್ನು ಸಿಸ್ಟರ್ ತೂಗಿ ತರುತ್ತಿದ್ದಳು, ಮುಗಿಯುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ಹೊರಗಿನ ತಿನಿಸಿಲ್ಲ. ನನಗೂ ವಾರ್ಡಿನಲ್ಲಿ ಬುತ್ತಿ ಬಿಚ್ಚುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ತೂಕ.

ಒಂದು ವಾರ. ತೂಕ ಅಲ್ಲೇ ಇತ್ತು.

ಎಂಟನೆಯ ದಿನ ಚಹಾ ಕೂಡ ಕೊಡದೆ ಅವಳನ್ನು ಒಂದು ಕೋಣೆಗೆ ಕರೆದೊಯ್ದರು. ಬಿಎಂಆರ್ ಟೆಸ್ಟ್ ಎಂದರು. ಮೂಗಿಗೆ ಚಿಮಟಿ, ಬಾಯಿಗೆ ರಬ್ಬರಿನ ಕೊಳವೆ, ಪಕ್ಕದಲ್ಲಿ ಒಂದು ದೊಡ್ಡ ಡಬ್ಬಿ. ಅವಳು ಉಸಿರಾಡಿದ ಹಾಗೆ ಒಂದು ಲೇಖನಿ ತಿರುಗುವ ಕಾಗದದ ಮೇಲೆ ಏರಿಳಿದು ಗೆರೆ ಎಳೆಯುತ್ತಿತ್ತು. ಸುಮ್ಮನೆ ಮಲಗಿದ ಮೈ ಎಷ್ಟು ಗಾಳಿ ಬಳಸುತ್ತದೆ ಎಂದು ನೋಡಿ, ಅದು ಒಳಗೆ ಎಷ್ಟು ಉರಿಸುತ್ತದೆ ಎಂದು ಲೆಕ್ಕ ಹಾಕುತ್ತಾರಂತೆ. ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿದರು. ಥೈರಾಯ್ಡಿನ ರಕ್ತ ಪರೀಕ್ಷೆಯ ರಿಪೋರ್ಟ್ ಹೊರಗಿನಿಂದ ಬಂತು. ಅದರಲ್ಲಿ ದೋಷವಿರಲಿಲ್ಲ.

ಡಾಕ್ಟರಬಾಯಿ ನಮ್ಮಿಬ್ಬರನ್ನೂ ಕೂಡಿಸಿಕೊಂಡರು.

"ಅಕ್ಕೋರ, ನಿಮ್ಮ ಮಗಳು ಕದ್ದ ತಿಂದಿಲ್ಲ."

"ತಿಂದೇನಿ ಅಂತ ಆಕೀನ ಹೇಳ್ಯಾಳ್ರಿ," ಅಂದೆ.

ಅವರು ಕಸ್ತೂರಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಹಂಗಾರ ಅದೊಂದ ಸುಳ್ಳ ಹೇಳ್ಯಾಳ."

ಕಸ್ತೂರಿ ತಲೆ ತಗ್ಗಿಸಿದ್ದಳು.

"ಬರದ ವರ್ಷ ನೀವು ಮನ್ಯಾಗ ಏನ ಮಾಡಿದ್ರಿ?" ಡಾಕ್ಟರಬಾಯಿ ಕೇಳಿದರು. "ರೊಟ್ಟಿ ತೆಳ್ಳಗ ಬಡದ್ರಿ. ಎರಡ ಹೊತ್ತ ಉರಿಯೂ ಒಲಿ ಒಂದ ಹೊತ್ತ ಉರಿಸಿದ್ರಿ. ಮೈಯೂ ಹಂಗಽ ಮಾಡತೈತ್ರಿ. ತಿನ್ನೂದು ಕಡಿಮಿ ಆತು ಅಂದ್ರ, ಇದು ಡಾಕ್ಟರ ಚೀಟಿ ಅಂತ ಅದಕ್ಕೇನ ಗೊತ್ತು? ಬರ ಬಿತ್ತು ಅಂತ ತಿಳಕೋತೈತಿ. ನಾಡಿ ನಿಧಾನ ಮಾಡತೈತಿ, ಕೈಕಾಲ ಥಣ್ಣಗ ಇಡತೈತಿ, ಕೂದಲಾ, ಮುಟ್ಟಾ, ಬೆಳವಣಿಗಿ, ಎಲ್ಲಾದಕ್ಕೂ ಕೈ ಬಿಗಿ ಹಿಡೀತೈತಿ. ತೂಕ ಇಳದ ಮೈಗೆ ಮೊದಲಿನಷ್ಟ ಊಟ ಬ್ಯಾಡ, ಅದು ಖರೆ. ಆದ್ರ ಆ ಟೆಸ್ಟಿನಾಗ ಇಕಿ ಮೈ ಉರಸೂದು ಅದಕ್ಕಿಂತಾನೂ ಕೆಳಗ ಇಳದು ಕೂತೈತಿ. ನೀವು ಮತ್ತಷ್ಟ ಕಡದ್ರಿ, ಅದು ಮತ್ತಷ್ಟ ಕೆಳಗ ಹೋತು. ಅದರಾಗ ಬೆಳಿಯೂ ವಯಸ್ಸು."

"ಹಂಗಾರ ತಪ್ಪ ಯಾರದ್ರಿ?" ಕೇಳಿದವರು ನನ್ನ ಗಂಡ. ಬಾಗಿಲಲ್ಲಿ ನಿಂತಿದ್ದರು.

"ಮೈ ತನಗ ಬರೂ ಕೆಲಸಾ ಮಾಡೇತಿ. ಹುಡುಗಿ ಹೇಳಿದ್ದು ಮಾಡ್ಯಾಳ." ಉಳಿದವರ ಹೆಸರನ್ನು ಅವರು ಹೇಳಲಿಲ್ಲ. "ಇದು ಎಷ್ಟ ದಿನ ಹಿಂಗ ಇರತೈತಿ, ಪೂರಾ ಮೊದಲಿನಂಗ ಆಗತೈತೋ ಇಲ್ಲೋ, ನನಗೂ ಗೊತ್ತಿಲ್ಲ. ಗೊತ್ತೈತಿ ಅಂದ್ರ ಸುಳ್ಳ ಆಗತೈತಿ."

ಆ ಮಧ್ಯಾಹ್ನ ವಾರ್ಡಿನ ಹೊರಗೆ ಬೇವಿನ ಮರದ ಕೆಳಗೆ ಮಗಳನ್ನು ಕೂಡಿಸಿಕೊಂಡು ಕೇಳಿದೆ. "ತಿನ್ನದ ತಿಂದೇನಿ ಅಂತ ಯಾಕ ಹೇಳಿದಿ ನನ್ನವ್ವಾ?"

ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಾಗಿತ್ತು.

"ನೀ ನಂಬೂದು ಅದೊಂದ ಮಾತ ಇತ್ತ ಅವ್ವಾ. ಹೇಳಿದ ಮ್ಯಾಲೆ ನೀ ಕೇಳೂದ ಬಿಟ್ಟಿ." ಆಮೇಲೆ ಮೆಲ್ಲಗೆ, "ಒಂದೊಂದ ಸಲ ನನಗೂ ಅನಸತಿತ್ತು, ನಿದ್ದಿಯಾಗ ಎದ್ದ ತಿಂತೇನೇನೋ ಅಂತ."

ನನ್ನ ಮಾತಿನಿಂದ ನನ್ನ ಮಗಳು ತನ್ನನ್ನೇ ಸಂಶಯಿಸುವಂತಾಗಿದ್ದಳು. ಹಸಿವು ಅವಳ ಮೈಯಲ್ಲಿ ಏನು ಮಾಡಿತ್ತೋ ಅದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ನಾನು ಮಾಡಿದ್ದಕ್ಕೆ ಅಂಥ ಯಂತ್ರವಿಲ್ಲ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೇ ನನ್ನ ಕಣ್ಣೊರೆಸಿ, "ಮಂದಿ ನೋಡಾಕ ಹತ್ತ್ಯಾರ, ಸುಮ್ಮನಾಗ," ಅಂದಳು.

ಊರಿಗೆ ಬಂದು ಮೊದಲು ಅತ್ತೆಯ ಕಾಲು ಮುಟ್ಟಿದೆ. ಅವರು, "ಇರ್ಲಿ ಬಿಡ. ನಾ ತಿನಿಸಿ ಕೆಡಿಸಿದೆ, ನೀ ಕಡಿದು ಕೆಡಿಸಿದಿ. ಇಬ್ಬರೂ ಕೂಡಿ ನೆಟ್ಟಗ ಮಾಡೂಣು," ಅಂದರು.

ನೆಟ್ಟಗಾಗುವುದು ಸುಲಭವಾಗಿರಲಿಲ್ಲ. ಡಾಕ್ಟರಬಾಯಿ ಊಟ ಹೆಚ್ಚಿಸಲು ಹೇಳಿದ್ದರು, ವಾರಕ್ಕೆ ಸ್ವಲ್ಪ ಸ್ವಲ್ಪ. ಹೆಸರುಬೇಳೆ, ಮೊಸರು, ಹೊತ್ತಿಗೆ ಒಂದೂವರೆ ರೊಟ್ಟಿ, ಒಂದು ಚಮಚ ಎಣ್ಣೆ. ಇನ್ನೊಂದು ವರ್ಷ ತೂಕ ಇಳಿಸುವ ಮಾತೇ ಬೇಡ, ಇಳಿದದ್ದು ಹಿಡಿದು ನಿಂತರೆ ಅದೇ ಗೆಲುವು ಎಂದಿದ್ದರು. ಮೊದಲ ತಿಂಗಳಲ್ಲಿ ಎರಡೂವರೆ ಕಿಲೋ ಏರಿತು. ಕಸ್ತೂರಿ ಗಂಗಾಳ ಸರಿಸಿ ಎದ್ದು ಹೋದಳು. ಮತ್ತೆ ಎಂಬತ್ತೊಂದೂವರೆ ಆಗುತ್ತೇನೆಂದು ಅತ್ತಳು. ನನಗೂ ಒಳಗೆ ಅದೇ ಭಯ. ಆದರೂ, "ಏರಲಿ. ನಿಲ್ಲೂತನಾ ನಾ ನಿನ್ನ ಬಾಜೂಕ ಇರತೇನಿ," ಎಂದು ಹೇಳುತ್ತ, ಹೇಳುವಾಗಲೆಲ್ಲ ನಂಬಲು ಕಲಿಯುತ್ತ ದಿನ ಕಳೆದೆ. ಹಸಿವು ಬೇರೆ ವಿಪರೀತ. ಊಟ ಮುಗಿಸಿ ಅರ್ಧ ತಾಸಿಗೆ ಹೊಟ್ಟೆ ಕಿವುಚುತ್ತದೆ ಎನ್ನುತ್ತಿದ್ದಳು. ಅದೂ ಮೈಯ ಕೆಲಸವೇ, ಕಳೆದುಕೊಂಡದ್ದನ್ನು ಕೇಳುತ್ತದೆ ಎಂದು ಡಾಕ್ಟರಬಾಯಿ ಮೊದಲೇ ಹೇಳಿದ್ದರಿಂದ ಹೆದರದೆ ಮಜ್ಜಿಗೆ ಕುಡಿದು ತಡೆದುಕೊಳ್ಳುತ್ತಿದ್ದಳು.

ಶ್ರಾವಣದಲ್ಲಿ ಮುಟ್ಟಾಯಿತು. ಅವಳು ಬಂದು ಹೇಳಿದಾಗ ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಶಾಲು ಪೆಟ್ಟಿಗೆಗೆ ಹೋಯಿತು. ತೂಕ ಅರವತ್ತೊಂಬತ್ತಕ್ಕೆ ಬಂದು ನಿಂತಿದೆ. ಎತ್ತರ ಎರಡು ಬೆರಳು ಏರಿದೆ. ಕಳೆದ ತಿಂಗಳು ಬೆಳಗಾವಿಗೆ ಹೋದಾಗ ಬಿಎಂಆರ್ ಸ್ವಲ್ಪ ಮೇಲೆ ಬಂದಿತ್ತು. ಅವಳ ವಯಸ್ಸಿನವರಷ್ಟಿಲ್ಲ. ಸ್ವಲ್ಪ. ತಾನು ಬೇರೆ ಹುಡುಗಿಯರಿಗಿಂತ ಒಂದು ತುತ್ತು ಕಡಿಮೆ ಉಂಡೇ ಬಹಳ ವರ್ಷ ಇರಬೇಕಾದೀತು ಎಂಬುದನ್ನು ಅವಳು ಈಗ ಎತ್ತರ, ಬಣ್ಣಗಳ ಹಾಗೆ ತನ್ನ ಪಾಲಿಗೆ ಬಂದದ್ದೆಂದು ತೆಗೆದುಕೊಂಡಿದ್ದಾಳೆ. ಓಣಿಯವರು ಮತ್ತೆ, "ಯಾಕ, ತಿರಗಿ ದಪ್ಪ ಆದ್ಳಲ್ಲ?" ಎನ್ನುತ್ತಾರೆ. ನಾನು ಹೂಂ ಎಂದು ಮುಂದೆ ಹೋಗುತ್ತೇನೆ.

ದಣಿದಿದ್ದೇನೆ. ಒಂದೂವರೆ ವರ್ಷ ಒಂದು ಹುಡುಗಿಯ ಬಾಯಿಯನ್ನೇ ನೋಡುತ್ತ ಕೂತ ದಣಿವು ಅಷ್ಟು ಬೇಗ ಇಳಿಯುವುದಿಲ್ಲ.

ಮೊನ್ನೆ ಹೈಸ್ಕೂಲಿನವರು ಹುಡುಗಿಯರನ್ನು ಕಿತ್ತೂರಿಗೆ ಕರೆದೊಯ್ದಿದ್ದರು. ಸಂಜೆ ಧೂಳು ಮೆತ್ತಿಕೊಂಡು ಬಂದಳು. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಒಳಗೆ ಬರುತ್ತಲೇ ಕೂಗಿದಳು: "ಅವ್ವಾ, ಭಾಳ ಹಸದೇನಿ. ಏನರ ಕೊಡ."

ಗಂಗಾಳ ಇಟ್ಟೆ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಅವಳು ಉಣ್ಣುತ್ತ ಹೇಳುತ್ತಲೇ ಇದ್ದಳು: ಕೋಟೆಯ ಬಿದ್ದ ಗೋಡೆಯ ಮೇಲೆ ಯಾರು ಯಾರು ಹತ್ತಿದರು, ಯಾರು ಜಾರಿದರು, ತಾನು ಹತ್ತಿ ಮೇಲೆ ನಿಂತಾಗ ಹೆದ್ದಾರಿಯ ಲಾರಿಗಳು ಎಷ್ಟು ಸಣ್ಣಗೆ ಕಂಡವು. ನಡುವೆ ಒಮ್ಮೆ ನಿಲ್ಲಿಸಿ, "ನೀ ಉಂಡಿಯೇನು?" ಎಂದು ಕೇಳಿದಳು.

ಉಂಡಿರಲಿಲ್ಲ. ಅವಳು ರೊಟ್ಟಿ ಮುರಿದು, ಪಲ್ಯ ಹಚ್ಚಿ, ನನ್ನ ಕೈಗೊಂದು ತುಂಡು ಕೊಟ್ಟಳು. ಅಲ್ಲೇ ಕೂತು ತಿಂದೆ. ಅವಳು ಲಾರಿಗಳ ಮಾತು ಮುಂದುವರಿಸಿದಳು.